ಮೊದಲು ಚಿಂತೆ, ಆಮೇಲೆ ಸಂತೋಷ

ಜಪಾನಿನ ಒಕಾಯಾಮ ಕೋಟೆಯ ಹಿಂದೆ ಅಸಾಹಿ ನದಿಯನ್ನು ದಾಟಿದರೆ ಕೊರಾಕುಯೆನ್ ಉದ್ಯಾನ ಸಿಗುತ್ತದೆ. ಸುಮಾರು 13 ಹೆಕ್ಟೇರಿನ ಈ ತೋಟದಲ್ಲಿ ವಿಶಾಲವಾದ ಹುಲ್ಲುಹಾಸು, ಕೊಳ, ಮಣ್ಣು ಪೇರಿಸಿ ಮಾಡಿದ ಪುಟ್ಟ ಗುಡ್ಡ ಎಲ್ಲವೂ ಇವೆ. ಕಾಲುದಾರಿಯ ತಿರುವುಗಳಲ್ಲಿ ಮರಗಳ ಮೇಲಿನಿಂದ ಕೋಟೆಯ ಕಪ್ಪು ಗೋಪುರ ಇಣುಕುತ್ತದೆ. ಹೊರಗಿನ ನೋಟವನ್ನು ಹೀಗೆ ತೋಟದೊಳಕ್ಕೆ ಸೇರಿಸಿಕೊಳ್ಳುವುದಕ್ಕೆ ಜಪಾನೀಯರು 'ಶಕ್ಕೆಯಿ' ಎನ್ನುತ್ತಾರೆ. ಎರವಲು ಪಡೆದ ನೋಟ ಎಂದು ಅದರ ಅರ್ಥ.

ಕೊರಾಕುಯೆನ್ ಎಂದರೆ 'ಆಮೇಲೆ ಸಂತೋಷಪಡುವ ತೋಟ'. ಆಳುವವನು ಜನರಿಗಿಂತ ಮೊದಲು ಚಿಂತಿಸಬೇಕು, ಅವರೆಲ್ಲ ಸುಖವಾದ ಮೇಲೆ ತಾನು ಸುಖಪಡಬೇಕು ಎಂಬುದು 11ನೇ ಶತಮಾನದ ಚೀನೀ ಆಡಳಿತಗಾರ ಫಾನ್ ಝೊಂಗ್ಯಾನ್ ಹೇಳಿದ ನೀತಿ. ಹೆಸರು ಹುಟ್ಟಿದ್ದು ಅಲ್ಲಿಂದ. ಆದರೆ ತೋಟಕ್ಕೆ ಈ ಹೆಸರು ಬಂದದ್ದು 1871ರಲ್ಲಿ. ಸಾಮಂತ ಸಂಸ್ಥಾನಗಳನ್ನು ಜಪಾನ್ ರದ್ದು ಮಾಡಿದ ವರ್ಷವೂ ಅದೇ. ಅಲ್ಲಿಯವರೆಗೆ ಅದು ಕೋಟೆಯ ಹಿಂದಿನ ತೋಟ, ಅಷ್ಟೇ. ದೊರೆಯ ಧರ್ಮವನ್ನು ಸಾರುವ ಹೆಸರು ಬರುವ ಹೊತ್ತಿಗೆ ಆಳಲು ದೊರೆಯೇ ಉಳಿದಿರಲಿಲ್ಲ!

ಹಾಗಾದರೆ ಈ ಹೆಸರು ಬರಿಯ ಅಲಂಕಾರವೇ? ಉತ್ತರಕ್ಕೆ ನದಿಯ ಕಡೆ ನೋಡಬೇಕು. 1597ರಲ್ಲಿ ಕೋಟೆಯನ್ನು ಮುಗಿಸಿದ ಉಕಿತಾ ಹಿದೆಇಯೆ, ಅಸಾಹಿ ನದಿಯನ್ನು ಬಾಗಿಸಿ ಕೋಟೆಗೆ ಕಂದಕವಾಗಿಸಿಕೊಂಡಿದ್ದ. ಶತ್ರುವಿಗೆ ತಡೆಯಾದ ಆ ತಿರುವು ಮಳೆಗಾಲದಲ್ಲಿ ನೀರಿಗೂ ತಡೆಯಾಯಿತು. ಪೇಟೆ ಮತ್ತೆ ಮತ್ತೆ ಮುಳುಗಿತು. 1654ರ ಪ್ರವಾಹವಂತೂ ಭೀಕರವಾಗಿತ್ತು. ಆಮೇಲೆ ಉಕ್ಕಿದ ನೀರನ್ನು ಬೇರೆ ದಾರಿಯಲ್ಲಿ ಸಮುದ್ರದತ್ತ ಬಿಡಲು ಹ್ಯಾಕ್ಕೆನ್ ಕಾಲುವೆಯನ್ನು ಕಟ್ಟಲಾಯಿತು. ನೂರು 'ಕೆನ್', ಅಂದರೆ ಸುಮಾರು 180 ಮೀಟರ್, ಎಂಬ ಅಳತೆಯಿಂದ ಅದಕ್ಕೆ ಆ ಹೆಸರು. ಕಟ್ಟಿಸಿದ ಅಧಿಕಾರಿ ತ್ಸುದಾ ನಾಗಾತಾದ. ದೊರೆ ಇಕೆದಾ ತ್ಸುನಾಮಾಸನ ಆಜ್ಞೆಯಂತೆ 1687ರಲ್ಲಿ ತೋಟದ ಕೆಲಸವನ್ನು ಶುರುಮಾಡಿದವನೂ ಅವನೇ. 1700ರಲ್ಲಿ ತೋಟ ಒಂದು ರೂಪಕ್ಕೆ ಬಂತು.

ಮೊದಲು ಕಾಲುವೆ, ಆಮೇಲೆ ತೋಟ. ಹೆಸರಿಲ್ಲದ ಕಾಲದಲ್ಲೇ ನೀತಿ ನಡೆದಿತ್ತು ಎಂದು ಹೇಳಿಬಿಡಬಹುದು. ಆದರೆ ಕಾಲುವೆಯ ಒಳಗೂ ಗದ್ದೆಗಳಿದ್ದವು. ಸಾಮಾನ್ಯ ದಿನಗಳಲ್ಲಿ ಅಲ್ಲಿ ಬೇಸಾಯ ನಡೆಯುತ್ತಿತ್ತು, ಪ್ರವಾಹ ಬಂದಾಗ ನೀರು ಹರಿಯುತ್ತಿದ್ದುದು ಆ ಪೈರಿನ ಮೇಲೆ. ಪೇಟೆಯ ನೆಮ್ಮದಿಗೆ ಬೆಲೆ ತೆತ್ತವರು ಆ ರೈತರು.

ತೋಟದೊಳಗೂ ಒಂದು ಗದ್ದೆ ಇದೆ. ಪ್ರಾಚೀನ ಚೀನಾದ ಭೂಹಂಚಿಕೆಯ ಮಾದರಿಯಲ್ಲಿ ಚೌಕಚೌಕವಾಗಿ ಮಾಡಿದ್ದು. ಇಂದಿಗೂ ಪ್ರತಿವರ್ಷ ಜೂನಿನಲ್ಲಿ ಅಲ್ಲಿ ನಾಟಿ ಹಬ್ಬ ನಡೆಯುತ್ತದೆ. ಒಂದೇ ಭತ್ತ ಕಾಲುವೆಯಲ್ಲಿ ಹೊಟ್ಟೆಪಾಡು, ತೋಟದಲ್ಲಿ ನೋಟ. ನನಗೆ ಕೊರಾಕುಯೆನ್‌ನ ಚರಿತ್ರೆ ಈ ಎರಡು ಗದ್ದೆಗಳ ನಡುವಿನ ಅಂತರದಲ್ಲಿ ಕಾಣುತ್ತದೆ. ಕೆಲವು ದಿನಗಳಲ್ಲಿ ಪ್ರಜೆಗಳನ್ನು ಒಳಗೆ ಬಿಡುತ್ತಿದ್ದರಾದರೂ, ತೋಟ ಎಲ್ಲರದಾದದ್ದು 1884ರಲ್ಲಿ.

ಆ ಬಳಿಕವೂ ನದಿ ಸುಮ್ಮನಿರಲಿಲ್ಲ. 1934ರ ಪ್ರವಾಹ ತೋಟವನ್ನು ಹಾಳುಗೆಡವಿತು. 1945ರ ಜೂನ್ 29ರ ಬಾಂಬ್ ದಾಳಿಯಲ್ಲಿ ಕೋಟೆಯ ಗೋಪುರ ಸುಟ್ಟುಹೋಯಿತು, ತೋಟದ ಹಲವು ಕಟ್ಟಡಗಳೂ ಬೂದಿಯಾದವು. ಹಳೆಯ ಚಿತ್ರಗಳೂ ನಕ್ಷೆಗಳೂ ಉಳಿದಿದ್ದರಿಂದ ತೋಟವನ್ನು ಮತ್ತೆ ಹಿಂದಿನಂತೆ ರೂಪಿಸಲು ಸಾಧ್ಯವಾಯಿತು. ಗೋಪುರವನ್ನು 1966ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದರು. ಹಾಗಾಗಿ ಈಗ ತೋಟ ಎರವಲು ತಂದಿರುವ ಕೋಟೆ ತೋಟಕ್ಕಿಂತ ಎರಡೂವರೆ ಶತಮಾನ ಚಿಕ್ಕದು.

ದೊರೆಯ ಹೆಸರು, ಅಧಿಕಾರಿಯ ಹೆಸರು ನಮಗೆ ಸಿಗುತ್ತವೆ. ಕಾಲುವೆ ಅಗೆದವರ, ಅದರೊಳಗೆ ಪೈರು ಕಳೆದುಕೊಂಡವರ ಹೆಸರು ತೋಟದ ಕಥೆಯಲ್ಲಿ ಬರುವುದಿಲ್ಲ. ಅಲ್ಲಿಗೆ ಹೋಗುವವರು ಗೋಪುರದ ಫೋಟೋ ತೆಗೆದ ಮೇಲೆ ಆ ಪುಟ್ಟ ಗದ್ದೆಯ ಬದುವಿನಲ್ಲೂ ಒಂದು ಗಳಿಗೆ ನಿಲ್ಲಬೇಕು. ಮೊದಲು ಚಿಂತಿಸಿದವರು ಯಾರು ಎಂದು ಕೇಳಿಕೊಳ್ಳಲು ಆ ತೋಟದಲ್ಲಿ ಅದಕ್ಕಿಂತ ತಕ್ಕ ಜಾಗವಿಲ್ಲ.