ನಿಲ್ಲುವ ವಿದ್ಯೆ: ಟ್ರಯಲ್ಸ್ ಸೈಕಲ್ಲಿನ ಬ್ರೇಕು ನಡೆದು ಬಂದ ದಾರಿ

ಬ್ರೇಕು ಎಂದರೆ ವೇಗವನ್ನು ತಗ್ಗಿಸುವ ಸಾಧನ ಎಂದೇ ನಾವೆಲ್ಲ ತಿಳಿದು ಬಂದವರು. ಊರಿನಲ್ಲಿ ನಾವು ತುಳಿದ ಹರ್ಕ್ಯುಲಿಸ್, ಅಟ್ಲಾಸ್ ಸೈಕಲ್ಲುಗಳಲ್ಲಿ ಹ್ಯಾಂಡಲಿನಿಂದ ಚಕ್ರದವರೆಗೆ ಉಕ್ಕಿನ ಕಡ್ಡಿಗಳು ಇಳಿದಿರುತ್ತಿದ್ದವು. ಹಿಡಿಯನ್ನು ಒತ್ತಿದರೆ ರಬ್ಬರಿನ ತುಂಡುಗಳು ರಿಮ್ಮಿಗೆ ತಾಗುತ್ತಿದ್ದವು. ಮಳೆಗಾಲದಲ್ಲಿ ಅವು ಹಿಡಿಯದಿದ್ದರೆ ಕಾಲನ್ನೇ ನೆಲಕ್ಕೆ ಊರಿ ನಿಲ್ಲಿಸುತ್ತಿದ್ದೆವು. ಈಗ ಜರ್ಮನಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರು ಟ್ರಯಲ್ಸ್ ಎಂಬ ಆಟಕ್ಕೆ ಮನಸೋತಿದ್ದಾರೆ. ಆ ಆಟದಲ್ಲಿ ಕಾಲನ್ನು ನೆಲಕ್ಕೆ ಊರುವುದೇ ತಪ್ಪು.

ಬಂಡೆ, ಮರದ ದಿಮ್ಮಿ, ಕಲ್ಲಿನ ಗೋಡೆಗಳ ಮೇಲೆ ಸೈಕಲ್ಲಿನೊಂದಿಗೆ ಹಾರಿ, ಹಿಂದಿನ ಚಕ್ರವೊಂದರ ಮೇಲೆಯೇ ನಿಂತು, ಮುಂದಿನ ನೆಗೆತಕ್ಕೆ ಅಣಿಯಾಗುವುದು ಈ ಆಟದ ಸ್ವರೂಪ. ಸ್ಪರ್ಧೆಯ ಸೈಕಲ್ಲುಗಳಲ್ಲಿ ಕುಳಿತುಕೊಳ್ಳುವ ಸೀಟೂ ಇರುವುದಿಲ್ಲ. ಇಲ್ಲಿ ಬ್ರೇಕಿನ ಕೆಲಸ ಓಡುವ ಚಕ್ರವನ್ನು ತಡೆಯುವುದಕ್ಕಿಂತ, ನಿಂತ ಚಕ್ರವನ್ನು ಕದಲದಂತೆ ಹಿಡಿದಿಡುವುದು. ಹಿಂದಿನ ಚಕ್ರ ಒಂದು ಬೆರಳಿನಷ್ಟು ಜಾರಿದರೂ ಸವಾರ ಗೋಡೆಯಿಂದ ಹಿಮ್ಮುಖವಾಗಿ ಬೀಳಬಹುದು. ಆದ್ದರಿಂದ "ಕಡಿಮೆ ಬೆಲೆಯ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಸಾಕೇ?" ಎಂದು ತಂದೆತಾಯಿಯರು ಕೇಳುವ ಪ್ರಶ್ನೆ ಕೇವಲ ಹಣದ ಪ್ರಶ್ನೆಯಲ್ಲ. ಅದಕ್ಕೆ ಉತ್ತರವನ್ನು ಬೆಲೆಪಟ್ಟಿಗಿಂತ ಬ್ರೇಕಿನ ಇತಿಹಾಸದಲ್ಲಿ ಹುಡುಕುವುದು ಲೇಸೆಂದು ನಮ್ಮ ಅನಿಸಿಕೆ.

ಟ್ರಯಲ್ಸ್ ಮೊದಲು ಮೋಟಾರ್ ಸೈಕಲ್ಲಿನ ಆಟ. ಸ್ಕಾಟ್ಲೆಂಡಿನಲ್ಲಿ ಆರು ದಿನಗಳ ಪ್ರಸಿದ್ಧ ಸ್ಪರ್ಧೆ 1909ರಲ್ಲಿಯೇ ಆರಂಭವಾಯಿತು. ಅದು ಸೈಕಲ್ಲಿಗೆ ಇಳಿದದ್ದು ಸ್ಪೇನಿನ ಕತಲೋನಿಯಾದಲ್ಲಿ. ಬಾರ್ಸೆಲೋನಾದ ಮೊಂಟೇಸಾ ಮೋಟಾರ್ ಸೈಕಲ್ ಕಂಪನಿಯ ಸವಾರರಾಗಿದ್ದ ಪೇರೆ ಪಿ ಅವರು ತಮ್ಮ ಮಗ ಓತ್ ಪಿ ಮೋಟಾರಿಲ್ಲದೆಯೇ ಅದೇ ಕೌಶಲವನ್ನು ಅಭ್ಯಾಸ ಮಾಡಲೆಂದು ಪುಟ್ಟ ಸೈಕಲ್ಲನ್ನು ರೂಪಿಸಿದರು. 1983ರಲ್ಲಿ ಮೋಂಟಿ ಎಂಬ ಹೆಸರಿನ ಸ್ವಂತ ಕಂಪನಿಯನ್ನೂ ಕಟ್ಟಿದರು. ಓತ್ ಪಿ ಮುಂದೆ ವಿಶ್ವ ಚಾಂಪಿಯನ್ ಆದರು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ವಿಶ್ವ ಸ್ಪರ್ಧೆಗಳು 1986ರಿಂದ ನಡೆಯುತ್ತಿವೆ. 2009ರಲ್ಲಿ ಸ್ಕಾಟ್ಲೆಂಡಿನ ಡ್ಯಾನಿ ಮೆಕ್‌ಆಸ್ಕಿಲ್ ಎಡಿನ್‌ಬರೋ ನಗರದ ಬೇಲಿ, ಗೋಡೆಗಳ ಮೇಲೆ ಸವಾರಿ ಮಾಡಿದ ವಿಡಿಯೋ ಜಗತ್ತಿನಾದ್ಯಂತ ಹರಡಿತು. ನಮ್ಮ ಮಕ್ಕಳ ಪೀಳಿಗೆಗೆ ಈ ಆಟದ ಪರಿಚಯವಾದದ್ದು ಬಹುಮಟ್ಟಿಗೆ ಅಂತಹ ವಿಡಿಯೋಗಳಿಂದಲೇ.

ಆಟ ಕತಲೋನಿಯಾದ್ದಾದರೂ ಅದರ ಬ್ರೇಕಿನ ಕಥೆಯ ಮಹತ್ವದ ಅಧ್ಯಾಯ ನಾವು ನೆಲೆಸಿರುವ ಈ ದೇಶದಲ್ಲೇ, ಬಾಡೆನ್-ವ್ಯುರ್ಟೆಂಬರ್ಗ್ ಪ್ರಾಂತದಲ್ಲೇ ಇದೆ. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ತನ್ನ ಎರಡು ಚಕ್ರದ ಓಟದ ಯಂತ್ರವನ್ನು ಮಾನ್‌ಹೈಮ್ ನಗರದಿಂದ ಹೊರಡಿಸಿದನು. ಅದಕ್ಕೆ ಪೆಡಲು ಇರಲಿಲ್ಲ. ಕಾಲಿನಿಂದ ನೆಲವನ್ನು ಒದ್ದು ಸಾಗಬೇಕಿತ್ತು. 1888ರ ಆಗಸ್ಟಿನಲ್ಲಿ ಅದೇ ಮಾನ್‌ಹೈಮಿನಿಂದ ಬೆರ್ಟಾ ಬೆಂಜ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಪತಿಯ ಮೋಟಾರು ಬಂಡಿಯಲ್ಲಿ ಫೋರ್ಟ್ಸ್‌ಹೈಮಿಗೆ ಹೊರಟರು. ಇಳಿಜಾರುಗಳಲ್ಲಿ ಮರದ ಬ್ರೇಕುಗಳು ಸವೆದು ಹೋದಾಗ ದಾರಿಯಲ್ಲಿ ಪಾದರಕ್ಷೆ ಹೊಲಿಯುವವರೊಬ್ಬರಿಂದ ಅವುಗಳಿಗೆ ಚರ್ಮವನ್ನು ಹೊಡೆಸಿಕೊಂಡರು. ಬ್ರೇಕಿನ ಬಲ ಹಿಡಿಯಲ್ಲಿ ಎಷ್ಟಿದೆಯೋ ತಾಗುವ ವಸ್ತುವಿನಲ್ಲೂ ಅಷ್ಟೇ ಇದೆ ಎಂಬುದನ್ನು ಆ ಚರ್ಮದ ತುಂಡು ತೋರಿಸಿಕೊಟ್ಟಿತು. ಇಂದಿನ ಬ್ರೇಕ್ ಪ್ಯಾಡಿನ ಪೂರ್ವಜ ಅದೇ.

ಐದು ವರ್ಷಗಳ ನಂತರ, 1893ರಲ್ಲಿ, ಬಾಡ್ ಊರಾಖ್ ಎಂಬ ಪುಟ್ಟ ಊರಿನಲ್ಲಿ ಗಾಟ್‌ಲೋಬ್ ಮಾಗೆನ್‌ವಿರ್ಟ್ ಎಂಬುವರು ಒಂದು ಕಾರ್ಖಾನೆಯನ್ನು ಆರಂಭಿಸಿದರು. ಅವರ ಹೆಸರಿನ ಮತ್ತು ಊರಿನ ಮೊದಲ ಅಕ್ಷರಗಳು ಸೇರಿ ಮಾಗುರಾ ಎಂಬ ಹೆಸರಾಯಿತು. ಆ ಊರು ಎಲ್ಲಿದೆ ಎಂದು ಕೇಳುವವರಿಗೆ ಕನ್ನಡಿಗರಿಗೆ ಒಪ್ಪುವ ಗುರುತೊಂದನ್ನು ಹೇಳಬಹುದು: 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದ ಟ್ಯೂಬಿಂಗೆನ್‌ಗೆ ಅದು ಹತ್ತಿರದಲ್ಲೇ ಇದೆ. ಮೋಟಾರ್ ಸೈಕಲ್ಲಿನ ಬಿಡಿಭಾಗಗಳಿಗೆ ಹೆಸರಾಗಿದ್ದ ಮಾಗುರಾ 1987ರಲ್ಲಿ ಸೈಕಲ್ಲಿನ ರಿಮ್ಮಿಗೆ ಹೈಡ್ರಾಲಿಕ್ ಬ್ರೇಕನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು.

ಅದರೊಳಗಿನ ತತ್ತ್ವ ಹದಿನೇಳನೆಯ ಶತಮಾನದ ಫ್ರೆಂಚ್ ಚಿಂತಕ ಪಾಸ್ಕಲನದು: ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಹಿಡಿಯ ಬಳಿಯ ಪಿಸ್ಟನ್ನಿನ ವ್ಯಾಸ 10 ಮಿಲಿಮೀಟರ್, ಚಕ್ರದ ಬಳಿಯದರ ವ್ಯಾಸ 20 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಎರಡನೆಯದರ ವಿಸ್ತೀರ್ಣ 4 ಪಟ್ಟು. ಆದ್ದರಿಂದ ಅದು ಒತ್ತುವ ಬಲವೂ 4 ಪಟ್ಟು. ಹಾಗೆಂದು ಬಲ ಪುಕ್ಕಟೆಯಾಗಿ ಸಿಗುವುದಿಲ್ಲ: ಬಲ ಹೆಚ್ಚಿದಷ್ಟೂ ಪಿಸ್ಟನ್ ಚಲಿಸುವ ದೂರ ಕಡಿಮೆಯಾಗುತ್ತದೆ. ಆದ್ದರಿಂದಲೇ ಪ್ಯಾಡಿಗೂ ತಾಗುವ ಮೈಗೂ ನಡುವೆ ಕೂದಲೆಳೆಯಷ್ಟೇ ಅಂತರವಿರುತ್ತದೆ. ಕೊಳವೆಯೊಳಗೆ ಒಂದು ಗಾಳಿಗುಳ್ಳೆ ಸೇರಿಕೊಂಡರೂ ಹಿಡಿ ಮೆತ್ತಗಾಗಿ ಬಲವೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ವ್ಯಯವಾಗುತ್ತದೆ.

ಮಾಗುರಾದ ಈ ರಿಮ್ ಬ್ರೇಕು, ಅದರಲ್ಲೂ ಎಚ್‌ಎಸ್ 33 ಎಂಬ ಮಾದರಿ, ಟ್ರಯಲ್ಸ್ ಸವಾರರ ಅಚ್ಚುಮೆಚ್ಚಿನದಾಯಿತು. ಅದು ಈ ಆಟಕ್ಕೆಂದೇ ಹುಟ್ಟಿದ್ದಲ್ಲ. ಸವಾರರು ತಮ್ಮ ಕೈಯಾರೆ ಅದನ್ನು ಒಗ್ಗಿಸಿಕೊಂಡರು. ಅಲ್ಯೂಮಿನಿಯಂ ರಿಮ್ಮಿನ ನುಣುಪಾದ ಬದಿಯನ್ನು ಗ್ರೈಂಡರಿನಿಂದ ಒರಟು ಮಾಡಿದರು. ಪ್ಯಾಡು ಅದನ್ನು ಹಲ್ಲಿನಂತೆ ಕಚ್ಚಿ ಹಿಡಿಯಿತು. ಎಣ್ಣೆಗಿಂತ ತೆಳುವಾದ ನೀರನ್ನೇ ಕೊಳವೆಗೆ ತುಂಬಿದವರೂ ಉಂಟು. ಬೆಲೆ ಹೆಚ್ಚಿನ ಹೊಸ ಯಂತ್ರಕ್ಕಿಂತ ಇದ್ದುದನ್ನೇ ಅರಿತು ಹದಗೊಳಿಸುವುದು ಈ ಆಟದ ಪರಂಪರೆಯಲ್ಲೇ ಬಂದಿದೆ. ಅದಕ್ಕೂ ಒಂದು ಬೆಲೆಯಿತ್ತು: ಪ್ಯಾಡುಗಳು ಬೇಗ ಸವೆಯುತ್ತಿದ್ದವು, ಒರಟುತನ ಮಾಸಿದಾಗ ರಿಮ್ಮನ್ನು ಮತ್ತೆ ಉಜ್ಜಬೇಕು, ಉಜ್ಜಿ ಉಜ್ಜಿ ತೆಳುವಾದಾಗ ಬದಲಿಸಬೇಕು. ಬಂಡೆಗೆ ಬಡಿದು ರಿಮ್ಮು ಸೊಟ್ಟಗಾದರಂತೂ ಬ್ರೇಕೂ ಕೆಟ್ಟಂತೆ.

ಡಿಸ್ಕ್ ಬ್ರೇಕಿನ ದಾರಿ ಬೇರೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1953ರಲ್ಲಿ ಫ್ರಾನ್ಸಿನ ಲ ಮಾನ್ ಸ್ಪರ್ಧೆಯಲ್ಲಿ ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದಾಗ ಜಗತ್ತು ಅದನ್ನು ಗಮನಿಸಿತು. ಇಪ್ಪತ್ತನಾಲ್ಕು ಗಂಟೆ ಓಡುವ ಕಾರಿನಲ್ಲಿ ಹಳೆಯ ಡ್ರಮ್ ಬ್ರೇಕುಗಳು ಕಾದು ಸೋಲುತ್ತಿದ್ದವು. ತೆರೆದ ತಟ್ಟೆ ಗಾಳಿಗೆ ಬೇಗ ತಣಿಯುತ್ತಿತ್ತು. 1969ರ ಹೋಂಡಾ ಸಿಬಿ 750 ಅದನ್ನು ಮೋಟಾರ್ ಸೈಕಲ್ಲಿನ ಜನಸಾಮಾನ್ಯರಿಗೆ ತಲುಪಿಸಿತು. ಸೈಕಲ್ಲಿನ ಕಡೆಗೆ, 1989ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನ ಬಾರ್ನಲ್ಡ್ಸ್‌ವಿಕ್ ಊರಿನಲ್ಲಿ ಹೋಪ್ ಎಂಬ ಕಂಪನಿ ಹುಟ್ಟಿತು. ಅದು ರೋಲ್ಸ್-ರಾಯ್ಸ್ ವಿಮಾನ ಎಂಜಿನ್‌ಗಳ ಊರು. ಹೋಪ್ ಕಟ್ಟಿದವರೂ ವಿಮಾನೋದ್ಯಮದಿಂದ ಬಂದ ಎಂಜಿನಿಯರುಗಳು. ಟ್ರಯಲ್ಸ್‌ಗೆಂದೇ ರೂಪಿಸಿದ ಅವರ ಡಿಸ್ಕ್ ಬ್ರೇಕುಗಳು ಸವಾರರಲ್ಲಿ ಬಹುಮಾನ್ಯವಾದವು. ಆಮೇಲೆ ಜಪಾನಿನ ಶಿಮಾನೊ, ತೈವಾನಿನ ಟೆಕ್ಟ್ರೊ ಮೊದಲಾದ ಕಂಪನಿಗಳು ಹೈಡ್ರಾಲಿಕ್ ಡಿಸ್ಕನ್ನು ಸಾಮಾನ್ಯ ಸೈಕಲ್ಲಿಗೂ ಇಳಿಸಿದ್ದರಿಂದ ಬೆಲೆ ಕುಟುಂಬಗಳ ಕೈಗೆಟುಕುವಂತಾಯಿತು.

ಈ ಇತಿಹಾಸದಿಂದ ನಾವು ಕಂಡುಕೊಂಡ ಮುಖ್ಯ ಸಂಗತಿ ಇದು: ಡಿಸ್ಕ್ ಬ್ರೇಕು ಕಾವನ್ನು ಗೆಲ್ಲಲು ಬೆಳೆದ ಯಂತ್ರ. ದುಬಾರಿ ಬ್ರೇಕಿಗೆ ನಾವು ತೆರುವ ಹಣದ ಗಣನೀಯ ಭಾಗ ಕಾವನ್ನು ಹೊರಹಾಕುವ ರೆಕ್ಕೆಗಳುಳ್ಳ ಪ್ಯಾಡು, ಪದರಪದರದ ಡಿಸ್ಕು, ತೂಕದ ಉಳಿತಾಯಗಳಿಗೆ ಸಲ್ಲುತ್ತದೆ. ಪರ್ವತದಿಂದ ಬಹುದೂರ ಇಳಿಯುವವರಿಗೆ ಅವು ಬೇಕು. ಟ್ರಯಲ್ಸ್ ಸವಾರನಿಗೆ ಕಾವಿನ ಚಿಂತೆಯೇ ಇಲ್ಲ. ಅವನ ಬ್ರೇಕು ಬಹುಪಾಲು ತಣ್ಣಗೇ ಇರುತ್ತದೆ. ಅವನಿಗೆ ಬೇಕಾದುದು ಗಟ್ಟಿ ಹಿಡಿತ. ಹಿಡಿತಕ್ಕೆ ಹಣ ಕೊಟ್ಟು ಕಾವಿನ ಸೌಕರ್ಯಗಳನ್ನು ಬಿಟ್ಟರೆ ಕಡಿಮೆ ಬೆಲೆಯ ಬ್ರೇಕೂ ನಂಬಿಕೆಗೆ ಅರ್ಹವಾಗಬಲ್ಲದು.

ಹಿಡಿತದ ಲೆಕ್ಕವನ್ನು ಸರಳವಾಗಿ ನೋಡೋಣ. 26 ಇಂಚಿನ ಚಕ್ರದಲ್ಲಿ ರಿಮ್ ಬ್ರೇಕು ಚಕ್ರದ ನಡುವಿನಿಂದ ಸುಮಾರು 27 ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತದೆ. 160 ಮಿಲಿಮೀಟರಿನ ಡಿಸ್ಕಿನಲ್ಲಿ ಪ್ಯಾಡು ಹಿಡಿಯುವುದು ಸುಮಾರು 7 ಸೆಂಟಿಮೀಟರ್ ದೂರದಲ್ಲಿ. ಬಾಗಿಲನ್ನು ತಿರುಗಣಿಯ ಪಕ್ಕದಲ್ಲಿ ಹಿಡಿದಂತೆ ಇದು: ಅದೇ ಪರಿಣಾಮಕ್ಕೆ ಮೂರೂವರೆ ಪಟ್ಟಿಗೂ ಮಿಕ್ಕಿದ ಬಲ ಬೇಕು. ಹಲವರು ಮುಂದೆ ಡಿಸ್ಕ್, ಹಿಂದೆ ರಿಮ್ ಬ್ರೇಕು ಇಟ್ಟುಕೊಂಡು ಬಂದದ್ದಕ್ಕೆ ಇದೂ ಒಂದು ಕಾರಣ. ಚಿಕ್ಕ ಮಕ್ಕಳು ಏರುವ 20 ಇಂಚಿನ ಸೈಕಲ್ಲಿನಲ್ಲಿ ಈ ಅಂತರ ಬಹಳ ಕಡಿಮೆ; ಅಲ್ಲಿ ಸಾಧಾರಣ ಡಿಸ್ಕೂ ಚೆನ್ನಾಗಿ ನಿಭಾಯಿಸುತ್ತದೆ. 160ರ ಬದಲು 180 ಮಿಲಿಮೀಟರಿನ ಡಿಸ್ಕ್ ಹಾಕಿದರೆ ಹಿಡಿತ ಸುಮಾರು ಎಂಟನೆಯ ಒಂದು ಭಾಗ ಹೆಚ್ಚುತ್ತದೆ. ಹೊಸ ಬ್ರೇಕಿಗಿಂತ ಇದು ಅಗ್ಗ. ಆದರೆ ಅಷ್ಟು ದೊಡ್ಡ ಡಿಸ್ಕಿಗೆ ಫ್ರೇಮಿನ ಮತ್ತು ಫೋರ್ಕಿನ ತಯಾರಕರ ಒಪ್ಪಿಗೆಯಿರಬೇಕು.

ಕೊಳ್ಳುವ ಮುನ್ನ ಫ್ರೇಮನ್ನು ನೋಡುವುದು ಮೊದಲ ಕೆಲಸ. ಹಳೆಯ ಟ್ರಯಲ್ಸ್ ಫ್ರೇಮುಗಳಲ್ಲಿ ಹಿಂದುಗಡೆ ಮಾಗುರಾ ರಿಮ್ ಬ್ರೇಕಿಗೆ ಬೇಕಾದ ನಾಲ್ಕು ಬೋಲ್ಟಿನ ಜಾಗ ಮಾತ್ರ ಇದ್ದು, ಡಿಸ್ಕ್ ಕೂರಿಸುವ ಜಾಗವೇ ಇಲ್ಲದಿರಬಹುದು. ಅಂತಹ ಫ್ರೇಮಿಗೆ ಡಿಸ್ಕನ್ನು ಬಲವಂತವಾಗಿ ಹೊಂದಿಸುವ ಸಾಹಸ ಬೇಡ. ಎರಡನೆಯದು ಬೆಲೆ. ಪೆಟ್ಟಿಗೆಯ ಮೇಲಿನ ಬೆಲೆಯಲ್ಲಿ ಡಿಸ್ಕು, ಅಡಾಪ್ಟರು ಅನೇಕ ವೇಳೆ ಸೇರಿರುವುದಿಲ್ಲ. ಅವುಗಳ ಜೊತೆಗೆ ಒಂದು ಜೊತೆ ಹೆಚ್ಚುವರಿ ಪ್ಯಾಡು, ಎಣ್ಣೆ, ಗಾಳಿ ತೆಗೆಯುವ ಸಿರಿಂಜು ಇವುಗಳನ್ನೂ ಕೂಡಿಸಿಯೇ ಹೋಲಿಸಬೇಕು.

ಪ್ಯಾಡಿನ ವಿಷಯಕ್ಕೆ ಬಂದರೆ, ರೆಸಿನ್ ಪ್ಯಾಡು ತಣ್ಣಗಿರುವಾಗಲೇ ಚೆನ್ನಾಗಿ ಕಚ್ಚುತ್ತದೆ, ಸದ್ದು ಕಡಿಮೆ. ಲೋಹದ ಪ್ಯಾಡು ಕಾವನ್ನೂ ಕೆಸರನ್ನೂ ಸಹಿಸಿ ಬಹುಕಾಲ ಬಾಳುತ್ತದೆ. ಟ್ರಯಲ್ಸ್‌ಗೆ ರೆಸಿನ್ ಸಾಕು. ಅಗ್ಗದ ಕೆಲವು ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡು ಮಾತ್ರ ಎಂದು ಕೆತ್ತಿರುತ್ತದೆ; ಅದನ್ನು ಓದದೆ ಲೋಹದ ಪ್ಯಾಡನ್ನು ಹಾಕಿದರೆ ಡಿಸ್ಕು ಬೇಗ ಹಾಳಾಗುತ್ತದೆ. ಹೊಸ ಪ್ಯಾಡು ಹಾಕಿದ ಮೇಲೆ ಬಯಲು ಜಾಗದಲ್ಲಿ ಸುಮಾರು 30 ಸಲ ಓಡಿಸಿ ನಿಲ್ಲಿಸಿ ಪಳಗಿಸಬೇಕು. ಅದಕ್ಕೆ ಮುಂಚೆ ಮಗುವನ್ನು ಗೋಡೆ ಏರಲು ಬಿಡಬಾರದು.

ಎಣ್ಣೆಯಲ್ಲಿ ಎರಡು ಕುಲಗಳಿವೆ. ಶಿಮಾನೊ, ಮಾಗುರಾ, ಟೆಕ್ಟ್ರೊಗಳದು ಖನಿಜ ತೈಲ. ಹೋಪ್ ಮೊದಲಾದವರದು ಡಾಟ್ ದ್ರವ. ಅದು ಗಾಳಿಯ ತೇವವನ್ನು ಹೀರುತ್ತದೆ, ಬಣ್ಣವನ್ನು ಕೆಡಿಸುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಹೊಸ ಡಾಟ್ 4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ. ತೇವ ಹೀರಿದ ಮೇಲೆ ಅದರ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ನಮ್ಮ ಆಟದಲ್ಲಿ ಅಷ್ಟು ಕಾವು ಹುಟ್ಟದ ಕಾರಣ, ಮನೆಯಲ್ಲೇ ದುರಸ್ತಿ ಮಾಡಿಕೊಳ್ಳುವ ಕುಟುಂಬಕ್ಕೆ ಖನಿಜ ತೈಲದ ಬ್ರೇಕು ಹೆಚ್ಚು ಅನುಕೂಲ. ಒಂದರಲ್ಲಿ ಇನ್ನೊಂದನ್ನು ಎಂದಿಗೂ ಬೆರೆಸಬಾರದು. ಒಳಗಿನ ರಬ್ಬರ್ ಉಂಗುರಗಳು ಉಬ್ಬಿ ಬ್ರೇಕು ನಿರುಪಯುಕ್ತವಾಗುತ್ತದೆ. ಹಳೆಯ ಸವಾರರ ನೀರಿನ ಉಪಾಯ ಡಿಸ್ಕಿಗೆ ಸಲ್ಲದು; ಇಲ್ಲಿನ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದನ್ನೂ ಮರೆಯಬಾರದು.

ಹಳೆಯದನ್ನು ಕೊಳ್ಳುವವರು ಹಿಡಿಯನ್ನು ಒತ್ತಿ ಒಂದು ನಿಮಿಷ ಹಾಗೆಯೇ ಇಟ್ಟು ನೋಡಲಿ. ಹಿಡಿ ಮೆಲ್ಲನೆ ಒಳಗಿಳಿದರೆ ಎಲ್ಲೋ ಸೋರಿಕೆಯಿದೆ, ಸ್ಪಂಜಿನಂತಿದ್ದರೆ ಗಾಳಿಯಿದೆ. ಗಾಳಿಯನ್ನು ತೆಗೆಯಬಹುದು, ಸೋರುವ ಬ್ರೇಕನ್ನು ಬಿಟ್ಟುಬಿಡುವುದೇ ಮೇಲು. ಕೊನೆಯದಾಗಿ, ಸವಾರನನ್ನೇ ಕೂರಿಸಿ ಒಂದೇ ಬೆರಳಿನಿಂದ ಹಿಡಿಯನ್ನು ಒತ್ತಿಸಿ, ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಬಲವಾಗಿ ತಳ್ಳಿ ನೋಡಬೇಕು. ಚಕ್ರ ಕದಲದಿದ್ದರೆ ಆ ಬ್ರೇಕಿನ ಮೇಲೆ ಯಾವ ಹೆಸರು ಬರೆದಿದೆ ಎಂಬುದು ಅಷ್ಟು ಮುಖ್ಯವಲ್ಲ.

ಮನೆಯಲ್ಲಿ ಬ್ರೇಕಿನ ಗಾಳಿ ತೆಗೆಯುವುದನ್ನು ಈಗಾಗಲೇ ರೂಢಿಸಿಕೊಂಡಿರುವ ಸದಸ್ಯರು ತಮ್ಮ ಅನುಭವವನ್ನು ನಾಲ್ಕು ಸಾಲುಗಳಲ್ಲಿ ಬರೆದು ಕಳುಹಿಸಿದರೆ, ಹೊಸದಾಗಿ ಈ ಆಟಕ್ಕೆ ಇಳಿಯುವ ಮಕ್ಕಳ ಮನೆಯವರಿಗೆ ಉಪಕಾರವಾದೀತು. ಅವುಗಳನ್ನು ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.