ಮನೆಯ ಗಣಕದಿಂದ ನೇರ ಅಂಚೆ: ಒಂದು ಕಿರು ಇತಿಹಾಸ

ಇತಿಹಾಸವನ್ನು ಬೋಧಿಸುತ್ತಲೇ ವೃತ್ತಿಜೀವನ ಕಳೆದ ನನಗೆ, ರಾಜಾಜ್ಞೆಯಿಂದ ಕಸಿದುಕೊಂಡ ಸ್ವಾತಂತ್ರ್ಯಗಳಿಗಿಂತ, ಸದ್ದಿಲ್ಲದೆ ಸರಿದುಹೋದ ಸ್ವಾತಂತ್ರ್ಯಗಳೇ ಹೆಚ್ಚು ವಿಚಾರಾರ್ಹವೆನಿಸುತ್ತವೆ. ಮಿಂಚಂಚೆಯ ಚರಿತ್ರೆಯಲ್ಲಿ ಅಂಥದೊಂದು ಅಧ್ಯಾಯವಿದೆ.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಅರ್ಪಾನೆಟ್ ಜಾಲದ ಮೂಲಕ ಒಂದು ಗಣಕದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ನಿಯಮಾವಳಿಯನ್ನು ಪ್ರಕಟಿಸಿದರು. ಅದರ ತತ್ತ್ವ ಸರಳ: ಕಳುಹಿಸುವ ಗಣಕವು ಪಡೆಯುವ ಗಣಕದ 25ನೆಯ ಪೋರ್ಟನ್ನು ತಟ್ಟಿ, ತನ್ನ ಹೆಸರು ಹೇಳಿ, ಪತ್ರವನ್ನು ಒಪ್ಪಿಸುವುದು. ಹೇಳಿದ ಹೆಸರು ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಪರಸ್ಪರ ಬಲ್ಲವರ ಸಣ್ಣ ಊರಿಗೆ ಅದು ಬೇಕೂ ಇರಲಿಲ್ಲ. ಯಾವ ವಿಳಾಸದ ಪತ್ರ ಯಾವ ಗಣಕಕ್ಕೆ ಸೇರಬೇಕೆಂದು ತಿಳಿಸುವ ಎಂಎಕ್ಸ್ ದಾಖಲೆಗಳು 1986ರಲ್ಲಿ ಬಂದವು.

1991ರಲ್ಲಿ ಲಿನಕ್ಸ್ ಹುಟ್ಟಿದ ಮೇಲೆ ಈ ಅಂಚೆಕಚೇರಿ ಮನೆಯೊಳಗೂ ಬಂದಿತು. ಸೆಂಡ್‌ಮೇಲ್, ಎಕ್ಸಿಮ್, 1998ರ ಪೋಸ್ಟ್‌ಫಿಕ್ಸ್ ಮೊದಲಾದ ತಂತ್ರಾಂಶಗಳು ಉಚಿತವಾಗಿ ದೊರೆತವು. ಪೋಸ್ಟ್‌ಫಿಕ್ಸ್‌ನಲ್ಲಿ ‘ರಿಲೇಹೋಸ್ಟ್’ ಎಂಬ ಸಾಲನ್ನು ಖಾಲಿ ಬಿಟ್ಟರೆ, ಪತ್ರವು ಮಧ್ಯವರ್ತಿಯಿಲ್ಲದೆ ನೇರವಾಗಿ ಗಮ್ಯಕ್ಕೆ ಹೊರಡುತ್ತದೆ. ಬಡ ಮೇಷ್ಟರ ಗಣಕಕ್ಕೂ ವಿಶ್ವವಿದ್ಯಾಲಯದ ಗಣಕಕ್ಕೂ ಸಮಾನ ಮರ್ಯಾದೆ!

ಈ ಸಮಾನತೆಯನ್ನು ಕೆಡಿಸಿದ್ದು ಅನಪೇಕ್ಷಿತ ಅಂಚೆಯ ಹಾವಳಿ. 1978ರಲ್ಲೇ ಒಬ್ಬ ಮಾರಾಟಗಾರನು ಸುಮಾರು 400 ಮಂದಿಗೆ ಜಾಹೀರಾತು ಕಳುಹಿಸಿದ್ದನು. 1990ರ ದಶಕದಲ್ಲಿ ಅದು ಪ್ರವಾಹವಾಯಿತು. 1997ರಲ್ಲಿ ಪಾಲ್ ವಿಕ್ಸಿ ಕಪ್ಪುಪಟ್ಟಿಯೊಂದನ್ನು ಆರಂಭಿಸಿದರು. ಮುಂದೆ ಗೃಹ ಸಂಪರ್ಕಗಳ ಐಪಿ ವಿಳಾಸಗಳೇ ಸಾರಾಸಗಟಾಗಿ ಇಂಥ ಪಟ್ಟಿಗಳನ್ನು ಸೇರಿದವು. ಅನೇಕ ಸೇವಾದಾರರು 25ನೆಯ ಪೋರ್ಟನ್ನೇ ಮುಚ್ಚಿದರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಯಲ್ಲಿ ಪೋಸ್ಟ್‌ಫಿಕ್ಸ್ ಸ್ಥಾಪಿಸಿ ನನಗೊಂದು ಪತ್ರ ಬರೆದನು. ಅದು ತಲುಪಲೇ ಇಲ್ಲ. ಪತ್ರದಲ್ಲಿ ದೋಷವಿರಲಿಲ್ಲ, ಅವನ ಐಪಿ ವಿಳಾಸವು ಗೃಹಬಳಕೆಯ ಪಟ್ಟಿಯಲ್ಲಿದ್ದಿತು, ಅದಕ್ಕೆ ತಕ್ಕ ಹಿಮ್ಮುಖ ಡಿಎನ್‌ಎಸ್ ಹೆಸರೂ ಇರಲಿಲ್ಲ. ಒಳಗೇನಿದೆ ಎಂದು ಓದದೆ, ಯಾವ ಕೇರಿಯಿಂದ ಬಂದಿತೆಂದು ನೋಡಿ ಬಾಗಿಲು ಹಾಕುವ ಪದ್ಧತಿಯನ್ನು ನಮ್ಮ ಸಮಾಜ ಚೆನ್ನಾಗಿ ಬಲ್ಲದು.

ಆದರೂ ಬಾಗಿಲು ಹಾಕಿದವರನ್ನು ಖಳರೆನ್ನಲಾರೆ. 2003ರ ಸೋಬಿಗ್‌ನಂಥ ಹುಳುಗಳು ಅಮಾಯಕರ ಗಣಕಗಳನ್ನೇ ಕಸದ ಅಂಚೆಯ ಕಾರ್ಖಾನೆಗಳನ್ನಾಗಿ ಮಾಡಿದ್ದವು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಗುರುತುಪತ್ರಗಳು ಆ ಅವಿಶ್ವಾಸದ ಫಲಗಳು. 2024ರ ಫೆಬ್ರವರಿಯಿಂದ ಜಿಮೇಲ್, ತನ್ನ ಬಳಕೆದಾರರಿಗೆ ಪತ್ರ ಕಳುಹಿಸುವ ಸರ್ವರುಗಳಿಂದ ಎಸ್‌ಪಿಎಫ್ ಅಥವಾ ಡಿಕಿಮ್ ಅನ್ನೂ ಹಿಮ್ಮುಖ ಹೆಸರನ್ನೂ ಅಪೇಕ್ಷಿಸುತ್ತಿದೆ. ಹಿಮ್ಮುಖ ಹೆಸರನ್ನು ಕೊಡಬೇಕಾದವರು ಸೇವಾದಾರರು. ಸಾಮಾನ್ಯ ಗೃಹ ಗ್ರಾಹಕನಿಗೆ ಅದು ಸುಲಭವಾಗಿ ದಕ್ಕದು. ಆದ್ದರಿಂದ ಆ ವಿದ್ಯಾರ್ಥಿಯು ‘ರಿಲೇಹೋಸ್ಟ್’ ಸಾಲಿನಲ್ಲಿ ಸೇವಾದಾರರ ಸರ್ವರಿನ ಹೆಸರು ಬರೆದು, 587ನೆಯ ಪೋರ್ಟಿನ ಮೂಲಕ ಪತ್ರ ಒಪ್ಪಿಸತೊಡಗಿದನು.

ನೇರ ಅಂಚೆಯನ್ನು ಎಸ್‌ಎಂಟಿಪಿ ನಿಯಮಾವಳಿ ನಿಷೇಧಿಸಿಲ್ಲ. ಹಕ್ಕು ಉಳಿದಿದೆ, ದಾರಿ ಮಾತ್ರ ಕಿರಿದಾಗಿದೆ. ವಿಶ್ವಾಸದ ಮೇಲೆ ಕಟ್ಟಿದ ವ್ಯವಸ್ಥೆಯನ್ನು ಕೆಲವರು ದುರುಪಯೋಗಪಡಿಸಿಕೊಂಡಾಗ, ಅದರ ದಂಡವನ್ನು ತೆರುವವರು ಬಹುಪಾಲು ನಿರಪರಾಧಿಗಳೇ.