ಉಲ್ಲೇಖ ಪರಿಶೀಲನೆ

ವ್ಯಕ್ತಿಯೊಬ್ಬರ ಹೆಸರಿನಲ್ಲಿ ಪ್ರಚಾರದಲ್ಲಿರುವ ಮಾತನ್ನು ಅವರು ನಿಜವಾಗಿ ಆಡಿದ್ದಾರೆಯೇ ಎಂದು ಮೂಲ ದಾಖಲೆಯಿಂದ ಖಚಿತಪಡಿಸಿಕೊಳ್ಳುವ ಪತ್ರಿಕೋದ್ಯಮ ವಿಧಾನ. ಧ್ವನಿಮುದ್ರಣ, ಪ್ರಸಾರದ ಲಿಖಿತ ಪ್ರತಿ, ಮೊದಲ ಪ್ರಕಟಣೆಯ ದಿನಾಂಕ, ಮಾತಿನ ಹಿಂದುಮುಂದಿನ ಸಂದರ್ಭ ಇದರ ಆಧಾರಗಳು. ಹಲವೆಡೆ ಮರುಮುದ್ರಣಗೊಂಡಿರುವುದು ಆಧಾರವಲ್ಲ. ರಾಜಕೀಯ ವ್ಯಾಖ್ಯಾನಕಾರರ ವಿಷಯದಲ್ಲಿ ತೊಡಕು ಹೆಚ್ಚು: ಅವರ ನಿಜವಾದ ಮಾತುಗಳೇ ಕಟುವಾಗಿರುವುದರಿಂದ ಕಟ್ಟಿದ ಮಾತೂ ಸಹಜವಾಗಿಯೇ ಕಾಣುತ್ತದೆ.

ಅಮೆರಿಕದ ರೇಡಿಯೊ ವ್ಯಾಖ್ಯಾನಕಾರ ರಶ್ ಲಿಂಬಾ (1951–2021) ಅವರ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. 2009ರ ಅಕ್ಟೋಬರ್‌ನಲ್ಲಿ ಅವರು ಸೇಂಟ್ ಲೂಯಿಸ್ ರ‍್ಯಾಮ್ಸ್ ಫುಟ್‌ಬಾಲ್ ತಂಡವನ್ನು ಕೊಳ್ಳಲು ಮುಂದಾದ ಗುಂಪಿನಲ್ಲಿದ್ದಾಗ, ಗುಲಾಮಗಿರಿಯನ್ನು ಸಮರ್ಥಿಸುವ ಹೇಳಿಕೆಯೊಂದು ಅವರದೆಂದು ಪತ್ರಿಕೆ, ಟಿ.ವಿ.ಗಳಲ್ಲಿ ಬಂತು. ಜ್ಯಾಕ್ ಹ್ಯೂಬರ್‌ಮನ್ ಅವರ 2006ರ ಪುಸ್ತಕದಲ್ಲಿ ಅದು ಮೂಲದ ವಿವರವಿಲ್ಲದೆ ಅಚ್ಚಾಗಿತ್ತು. ಲಿಂಬಾ ನಿರಾಕರಿಸಿದರು, ಪ್ರಸಾರದ ದಾಖಲೆಯನ್ನು ಯಾರೂ ಒದಗಿಸಲಿಲ್ಲ, ಉಲ್ಲೇಖವನ್ನು ಖಚಿತಪಡಿಸಿಕೊಂಡಿರಲಿಲ್ಲವೆಂದು ಸಿಎನ್‌ಎನ್ ನಿರೂಪಕ ರಿಕ್ ಸ್ಯಾಂಚೆಜ್ ಒಪ್ಪಿಕೊಂಡರು. ಕಪ್ಪು ವರ್ಣೀಯ ಆಟಗಾರ ಡೊನೊವನ್ ಮೆಕ್‌ನಾಬ್ ಬಗ್ಗೆ ಲಿಂಬಾ 2003ರಲ್ಲಿ ಇಎಸ್‌ಪಿಎನ್ ವಾಹಿನಿಯಲ್ಲಿ ಆಡಿ, ರಾಜೀನಾಮೆಗೆ ಕಾರಣವಾದ ಮಾತು ಮಾತ್ರ ದಾಖಲೆಯಲ್ಲಿರುವಂಥದು; ಟೀಕಾಕಾರರಿಗೆ ಅದೇ ಸಾಕಿತ್ತು. 2009ರ ಅಕ್ಟೋಬರ್ 14ರಂದು ಖರೀದಿ ಗುಂಪು ಅವರನ್ನು ಕೈಬಿಟ್ಟಿತು.